ಹನ್ನೊಂದನೆಯ ಸ್ಥಾನದ ಗಂಟೆ

ಶ್ರೇಷ್ಠ ರೇಸ್ ಚಾಲಕ ಯಾರು ಎಂದು ಇಟಲಿಯ ನಮ್ಮ ಬ್ರಿಸಾನೊ ಊರಿನ ಗಂಡಸರನ್ನು ಕೇಳಿ ನೋಡಿ, ಕುರ್ಚಿ ಎಳೆದುಕೊಂಡು ಕೂತೇಬಿಡುತ್ತಾರೆ. ಒಬ್ಬ ಗೆದ್ದ ಪಂದ್ಯಗಳ ಲೆಕ್ಕ ಒಪ್ಪಿಸುತ್ತಾನೆ. ಇನ್ನೊಬ್ಬ ಮಳೆಯಲ್ಲಿ ಓಡಿಸಿದವನೇ ಚಾಲಕ ಎನ್ನುತ್ತಾನೆ. ಕ್ಷೌರದಂಗಡಿಯ ನೇರಿಯೊ ಎಲ್ಲರ ಬಾಯಿ ಮುಚ್ಚಿಸಿ, "ಹೆದರಿಕೆ ಗೊತ್ತಿಲ್ಲದವನು. ಅಷ್ಟೇ ಕಣ್ರಯ್ಯ" ಎಂದು ಮೇಜು ಕುಟ್ಟುತ್ತಾನೆ. ಈ ನೇರಿಯೊ ಸ್ಕೂಟರಿನಲ್ಲಿ ಸೇತುವೆ ದಾಟುವಾಗ ಎರಡೂ ಕಾಲು ನೆಲಕ್ಕೆ ಊರಿಕೊಂಡು ಹೋಗುವವನು. ನಾನು ದೆರ್ನಾ. ಚರ್ಚು ಗುಡಿಸುವುದು, ಮೇಣದ ಬತ್ತಿ ಬದಲಿಸುವುದು, ಗೋಪುರದ ಗಂಟೆ ಹೊಡೆಯುವುದು ನನ್ನ ಕೆಲಸ. ಶ್ರೇಷ್ಠ ಚಾಲಕ ಯಾರು ಎಂದು ನನ್ನನ್ನು ಯಾರೂ ಕೇಳಿದವರಿಲ್ಲ. ಕೇಳದಿದ್ದರೆ ಬಿಡಲಿ, ನಾನೇ ಹೇಳುತ್ತೇನೆ.

ಹಿಂದೆ ನಮ್ಮೂರಿಗೊಂದು ಫಾರ್ಮುಲಾ ರೇಸ್ ತಂಡವಿತ್ತು. ಧಣಿ ಗರಾವೀನಿಯವರದು ಪೀಚ್ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆ. ಅದರ ಹಿಂದಿನ ಶೆಡ್ಡಿನಲ್ಲಿ ಕಾರು ಕಟ್ಟಿಸುತ್ತಿದ್ದರು. ಊರಿನ ಅರ್ಧ ಜನ ಹಣ್ಣಿಗೆ ದುಡಿದರೆ ಇನ್ನರ್ಧ ಕಾರಿಗೆ ದುಡಿಯುತ್ತಿತ್ತು. ಹಿಂದಿನ ಚಕ್ರಗಳನ್ನು ಕಾರಿಗೆ ಹಿಡಿದು ನಿಲ್ಲಿಸುವ ಉಕ್ಕಿನ ಆರ್ಮುಗಳನ್ನು ಬೆಸೆಯುತ್ತಿದ್ದವನು ನನ್ನ ಗಂಡ ಓರಿಯಾನೊ. ಅವನ ಕೈಬೆಸುಗೆ ನೋಡಲು ಜರ್ಮನಿಯಿಂದ ಬಂದಿದ್ದರು ಎಂದು ಅವನು ಹೇಳುತ್ತಿದ್ದ. ಬಂದವರು ದಾರಿ ತಪ್ಪಿ ಬಂದದ್ದು ಎಂದು ನಾನು ಹೇಳುತ್ತಿದ್ದೆ.

ಬೆಟ್ಟದಾಚೆಯ ದೊಡ್ಡ ಊರಿನಲ್ಲಿ ತಮ್ಮ ಕಾರು ಗೆದ್ದ ದಿನ ಚರ್ಚಿನ ಗಂಟೆ ಹೊಡೆಯುತ್ತಿದ್ದರು. ನಾವು ಗೆಲ್ಲುವವರೆಗೆ ಕಾದಿದ್ದರೆ ನನ್ನ ಹಗ್ಗಕ್ಕೆ ಜೇಡ ಬಲೆ ಕಟ್ಟುತ್ತಿತ್ತು. ಹಾಗಾಗಿ ನಮ್ಮಲ್ಲಿ ಬೇರೆಯೇ ಪದ್ಧತಿ: ಕಾರು ಕೊನೆಯ ಗೆರೆ ದಾಟಿದರೆ ಗಂಟೆ. ಎಷ್ಟನೆಯ ಸ್ಥಾನವೋ ಅಷ್ಟು ಏಟು. ಪೀಚ್ ಕೊಯ್ಲಿಗೆ ಭಾನುವಾರವೂ ರಜೆಯಿಲ್ಲ. ತೋಟದಲ್ಲಿ ಏಣಿ ಹತ್ತಿದವರೂ ಎಣಿಸಿಕೊಳ್ಳಲಿ ಎಂದು ಹಳೆಯ ಪಾದ್ರಿಗಳು ಶುರುಮಾಡಿದ್ದು. ಸೋತಷ್ಟೂ ಜಾಸ್ತಿ ಹೊಡೆಯುವ ಊರು ಎಂದು ಆಚೆಯವರು ನಗುತ್ತಿದ್ದರು. ನಕ್ಕರೆ ನಗಲಿ. ಹದಿನೇಳು ಏಟು ಹೊಡೆದ ದಿನ ನನ್ನ ತೋಳು ಬಿದ್ದುಹೋಗಿತ್ತು, ಆದರೂ ಊರು ಕುಣಿದಿತ್ತು.

ಆ ವರ್ಷ ಕಾರು ಓಡಿಸುತ್ತಿದ್ದವನು ನಮ್ಮೂರಿನವನೇ, ಲೋರಿಸ್ ಜವಾಟ್ಟಾ. ಅವನ ತಾಯಿ ಇಯೋಲೆ ವಿಧವೆ. ನದಿಯಾಚೆ ಅವಳದೊಂದು ಸಣ್ಣ ಪೀಚ್ ತೋಟ. ಮಗನ ರೇಸನ್ನು ಅವಳು ಟೀವಿಯಲ್ಲಿ ಒಮ್ಮೆಯೂ ನೋಡಿದವಳಲ್ಲ. ರೇಸ್ ಮುಗಿಯುವ ಹೊತ್ತಿಗೆ ಮರದ ಕೆಳಗೆ ಕೂತು ಗಂಟೆಗೆ ಕಾಯುತ್ತಿದ್ದಳು. ಗಂಟೆ ಕೇಳಿದರೆ ಎದ್ದು ಹೋಗಿ ಪಾಸ್ತಾಕ್ಕೆ ಹಿಟ್ಟು ಕಲಸುವಳು. ಕಾರು ನಡುವೆ ಕೆಟ್ಟು ನಿಂತ ದಿನ ಗಂಟೆ ಇರುವುದಿಲ್ಲವಲ್ಲ, ಆಗ ನಾನೇ ಸೈಕಲ್ಲು ತುಳಿದುಕೊಂಡು ಹೋಗಿ, "ಎಂಜಿನ್ ಹೋಯ್ತು ಕಣೆ, ಅವನು ನಡ್ಕೊಂಡು ಬರ್ತಿದಾನೆ" ಎಂದು ಹೇಳಿ ಬರುತ್ತಿದ್ದೆ. ಗಂಟೆ, ಇಲ್ಲವೇ ಸೈಕಲ್ಲು. ಮೂರನೆಯದೊಂದು ಇರಬಹುದು ಎಂಬ ಮಾತನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಆಗಸ್ಟ್ ತಿಂಗಳ ಹಂಗೇರಿಯ ರೇಸು ಅದು. ಚರ್ಚಿನ ಪಕ್ಕದ ಬಾರಿನಲ್ಲಿ ಟೀವಿಯ ಮುಂದೆ ಊರೆಲ್ಲ ಬೆವರುತ್ತ ಕೂತಿತ್ತು. ಮುಂದಿದ್ದ ದೊಡ್ಡ ಕಾರುಗಳು ಒಂದೊಂದಾಗಿ ಕೆಟ್ಟು ನಿಂತವು. ನೋಡನೋಡುತ್ತಿದ್ದಂತೆ ಲೋರಿಸ್ ಆರನೆಯ ಸ್ಥಾನಕ್ಕೆ ಬಂದುಬಿಟ್ಟ. ಆಗೆಲ್ಲ ಮೊದಲ ಆರು ಮಂದಿಗೆ ಮಾತ್ರ ಪಾಯಿಂಟು. ನಮ್ಮ ತಂಡಕ್ಕೆ ಹುಟ್ಟಿದಾಗಿನಿಂದ ಒಂದೇ ಒಂದು ಪಾಯಿಂಟು ಸಿಕ್ಕಿರಲಿಲ್ಲ. ಪಾದ್ರಿ ಎತ್ತೊರೆ, ಪಾಪ, ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ನೇರಿಯೊ ನನ್ನ ಭುಜ ತಟ್ಟಿ, "ಇವತ್ತು ಆರೇ ಏಟು ದೆರ್ನಾ, ಕೈ ನೋಯಲ್ಲ" ಎಂದ. ನನಗೂ ಸಂತೋಷಕ್ಕೆ ಅಳು ಬಂತು. ಯಾಕೆ ಸುಳ್ಳು ಹೇಳಲಿ.

ಇನ್ನು ಕೆಲವೇ ಸುತ್ತು ಉಳಿದಿದ್ದಾಗ ಲೋರಿಸ್ ನಿಧಾನ ಮಾಡಿದ. ಹೊಗೆ ಇಲ್ಲ, ಬೆಂಕಿ ಇಲ್ಲ, ಚಕ್ರ ನೆಟ್ಟಗಿದೆ, ಕಾರು ಮಾತ್ರ ತಿರುವುಗಳಲ್ಲಿ ಮುದುಕರ ಹಾಗೆ ಹೋಗುತ್ತಿದೆ. ಹಿಂದಿನವನು ದಾಟಿದ. ಮತ್ತೊಬ್ಬ ದಾಟಿದ. ಬಾರಿನಲ್ಲಿ ಯಾರೋ ಟೀವಿಗೆ ಟೋಪಿ ಎಸೆದರು. ಹನ್ನೊಂದನೆಯವನಾಗಿ ಗೆರೆ ದಾಟಿ, ಕಾರಿನಿಂದಿಳಿದು, ಹೆಲ್ಮೆಟ್ ತೆಗೆದು, ಮೈಕು ಹಿಡಿದವನಿಗೆ ಲೋರಿಸ್ ಹೇಳಿದ್ದು ಇಷ್ಟು: "ಹಿಂದೆ ಬಲಗಡೆ ಏನೋ ಸರಿ ಇರ್ಲಿಲ್ಲ. ಮೈಗೆ ಗೊತ್ತಾಯ್ತು."

ಹಿಂದೆ, ಬಲಗಡೆ. ಅಂದರೆ ನನ್ನ ಗಂಡನ ಆರ್ಮು. ಬಾರಿನಲ್ಲಿದ್ದ ತಲೆಗಳೆಲ್ಲ ಓರಿಯಾನೊನ ಕಡೆ ತಿರುಗಿದವು.

"ನಿನ್ನ ಬೆಸುಗೆ ಮೇಲೆ ಅವನಿಗೆ ನಂಬಿಕೆ ಇಲ್ವಂತೆ ನೋಡಯ್ಯ" ಎಂದ ನೇರಿಯೊ. "ಪ್ರಪಂಚಕ್ಕೆಲ್ಲ ಕೇಳೋ ಹಂಗೆ ಹೇಳ್ದ. ಹೇಡಿ. ತನ್ನ ಪುಕ್ಕಲುತನನ ನಿನ್ನ ತಲೆಗೆ ಕಟ್ದ."

ಓರಿಯಾನೊನ ಮುಖ ಕೆಂಪಾಯಿತು, ಆಮೇಲೆ ಬಿಳುಚಿಕೊಂಡಿತು. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಆ ಬಿಳಿ ನನಗೆ ಗೊತ್ತು. ನಾನು ಸೀದಾ ಎದ್ದು ಗೋಪುರದ ಬೀಗದ ಕೈ ತರಲು ಹೊರಟೆ. ಅದು ಬಾರಿನ ಗೋಡೆಯ ಮೊಳೆಯಲ್ಲೇ ಇರುವುದು. ನನಗಿಂತ ಮೊದಲು ಓರಿಯಾನೊ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡ.

"ಕೊಡು" ಎಂದೆ.

"ಇವತ್ತು ಗಂಟೆ ಇಲ್ಲ."

"ಗೆರೆ ದಾಟಿದಾನೆ. ಹನ್ನೊಂದು ಏಟು. ಕೊಡು ಅಂದ್ರೆ ಕೊಡು."

"ದಾಟಿದ್ದಲ್ಲ ಅದು, ತೆವಳಿದ್ದು" ಎಂದು ನೇರಿಯೊ ನಡುವೆ ಬಾಯಿ ಹಾಕಿದ. "ಆರನ್ನ ಕೈಯಾರೆ ಬಿಟ್ಟವನಿಗೆ ಹನ್ನೊಂದು ಬಾರಿಸ್ಬೇಕಾ? ಆಚೆ ಊರವರು ಹೊಟ್ಟೆ ಹಿಡ್ಕೊಂಡು ನಗ್ತಾರೆ."

"ನೀನು ಗಡ್ಡ ಕೆರೆಯೋದು ನೋಡ್ಕೊ ನೇರಿಯೊ. ಗಂಟೆ ನನ್ನದು."

"ಗಂಟೆ ಊರಿಂದು" ಎಂದ ಓರಿಯಾನೊ. "ಊರು ಬೇಡ ಅಂತಿದೆ."

ನಾನು ಪಾದ್ರಿಗಳ ಮುಖ ನೋಡಿದೆ. ಅವರು ಕುರ್ಚಿಯಿಂದ ಇಳಿದು ತಮ್ಮ ಬೂಟಿನ ದಾರ ಕಟ್ಟಿಕೊಳ್ಳತೊಡಗಿದರು. ಆ ಬೂಟಿಗೆ ದಾರವೇ ಇರಲಿಲ್ಲ.

ಜಗಳವಾಡುತ್ತ ಬಾರಿನಲ್ಲೇ ಹೊತ್ತು ಹೋಯಿತು. ಬೈದೆ, ಬೈಸಿಕೊಂಡೆ, ಒಂದು ಗ್ಲಾಸು ಒಡೆದೆ. ಸಂಜೆ ಇಳಿಬಿಸಿಲಿನಲ್ಲಿ ಮನೆಯ ಕಡೆ ತಿರುಗಿದಾಗ ಗೋಡೆಗೊರಗಿದ ನನ್ನ ಸೈಕಲ್ಲು ಕಣ್ಣಿಗೆ ಬಿತ್ತು. ಇವತ್ತು ಇಯೋಲೆಗೆ ಗಂಟೆಯೂ ಇಲ್ಲ, ಸೈಕಲ್ಲೂ ಇಲ್ಲ.

ಸೇತುವೆಯ ಮೇಲೆ ಎಷ್ಟು ಜೋರಾಗಿ ತುಳಿದೆನೋ ದೇವರಿಗೇ ಗೊತ್ತು. ಅವಳು ಅದೇ ಮರದ ಕೆಳಗೆ ಕೂತಿದ್ದಳು. ಮಡಿಲ ತುಂಬ ಪೀಚು, ಕೈ ಎರಡೂ ಪೀಚಿನ ಮೇಲೆ, ಕಣ್ಣು ಎಲ್ಲಿಯೋ. ನನ್ನನ್ನು ಕಂಡು ಏಳಲಿಲ್ಲ.

"ಬದುಕಿದಾನೆ ಕಣೆ ಇಯೋಲೆ. ಚೆನ್ನಾಗಿದಾನೆ. ಗೆರೆ ದಾಟಿದಾನೆ" ಎಂದು ದೂರದಿಂದಲೇ ಕೂಗಿದೆ.

ಅವಳ ಕೈ ಸಡಿಲವಾಯಿತು. ಪೀಚುಗಳು ಒಂದೊಂದಾಗಿ ಮಡಿಲಿನಿಂದ ಉರುಳಿದವು.

"ಎಷ್ಟನೇದು?" ಎಂದಳು.

"ಹನ್ನೊಂದು."

"ಮತ್ತೆ ಯಾಕೆ ಹೊಡೀಲಿಲ್ಲ?"

ನಡೆದದ್ದನ್ನೆಲ್ಲ ಹೇಳಿದೆ. ಬೆಸುಗೆ, ಪಾಯಿಂಟು, ಊರಿನ ಮರ್ಯಾದೆ. ಹೇಳುತ್ತಿದ್ದಂತೆ ನನಗೇ ನಾಚಿಕೆಯಾಯಿತು. ಅವಳು ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡು ನನ್ನನ್ನು ದಿಟ್ಟಿಸಿ ನೋಡಿದಳು.

"ಪಾಯಿಂಟು ಅವರಿಟ್ಕೊಳ್ಳಿ ದೆರ್ನಾ. ಇವತ್ತು ನಾನಿಲ್ಲಿ ಕೂತು ಮಗನ್ನ ಮಣ್ಣು ಮಾಡಿ ಆಯ್ತು. ನನ್ನ ಹನ್ನೊಂದು ನನಗೆ ಬೇಕು. ಅಲ್ಲೀವರೆಗೂ ಈ ಮನೇಲಿ ಹಿಟ್ಟು ಕಲಸಲ್ಲ."

ಮಂಗಳವಾರ ಕಾರು ಊರಿಗೆ ಬಂತು. ಧಣಿಯ ಮುಂದೆಯೇ ಬಲಗಡೆಯ ಆರ್ಮು ಬಿಚ್ಚಿದರು. ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಪುಡಿ ಹಾರಿಸಿದರೆ ಕೂದಲೆಳೆಯಷ್ಟು ಬಿರುಕಿದ್ದರೂ ಕೆಂಪಗೆ ಕಾಣಬೇಕು. ಏನೂ ಕಾಣಲಿಲ್ಲ. ಆರ್ಮು ಬಿಳಿಯಾಗಿಯೇ ಇತ್ತು. ಅಂದೇ ಧಣಿ ಗರಾವೀನಿ ಲೋರಿಸನನ್ನು ಬಿಡಿಸಿ, ಮಿಲಾನಿನ ಹೊಸ ಹುಡುಗನೊಬ್ಬನನ್ನು ಗೊತ್ತುಮಾಡಿದರು. ಬೆಲ್ಜಿಯಮ್ಮಿನ ರೇಸಿಗೆ ಅವನೇ. ಓರಿಯಾನೊನನ್ನು ಹೆಗಲ ಮೇಲೆ ಹೊತ್ತುಕೊಂಡು ಬಾರಿಗೆ ತಂದರಂತೆ. ಅವನು ಆರ್ಮನ್ನು ಮನೆಗೆ ತಂದು, ನಮ್ಮ ಶೆಡ್ಡಿನ ಬಾಗಿಲಿಗೆದುರಾಗಿ ಮೊಳೆಗೆ ತೂಗುಹಾಕಿದ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

"ನೋಡೇ" ಎಂದ ನನಗೆ. "ಗುಂಡುಕಲ್ಲಿನ ಹಂಗಿದೆ."

"ನಿನ್ನ ತಲೆನೂ ಹಂಗೇ ಇದೆ" ಎಂದೆ. ಬೀಗದ ಕೈ ಕೇಳಿದೆ. ಕೊಡಲಿಲ್ಲ. ನಿನ್ನೆಯ ಸಾರನ್ನೇ ಬಡಿಸಿದೆ.

ಮರುದಿನ ಸಂಜೆ ಲೋರಿಸ್ ನಮ್ಮ ಮನೆಗೆ ಬಂದ. ಹೊಸ್ತಿಲ ಆಚೆಯೇ ನಿಂತ. ಸಣ್ಣ ಆಳು, ಕತ್ತು ಮಾತ್ರ ಗೂಳಿಯದು.

"ಓರಿಯಾನೊ, ನಿಮ್ಮ ಕೈಕೆಲಸದ ಮೇಲೆ ನಂಗೆ ಅನುಮಾನ ಇಲ್ಲ. ಅದನ್ನ ಹೇಳೋಕೆ ಬಂದೆ."

"ಟೀವೀಲಿ ಹೇಳಿದ್ದೇನು ಮತ್ತೆ?"

"ಅನಿಸಿದ್ದು ಹೇಳ್ದೆ. ಕಾರು ತಿರುವಲ್ಲಿ ಒಂದು ಥರ ಕೂರೋದು, ಎದ್ದೇಳೋದು ಮಾಡ್ತು. ಒಂದು ಸಲ ಅಲ್ಲ, ಮೂರು ಸಲ."

"ಪರೀಕ್ಷೆ ಮಾಡಿಯಾಯ್ತು. ಏನೂ ಇಲ್ಲ. ನಿಂಗೆ ಭ್ರಮೆ. ಎಲ್ಲರ ಮುಂದೆ ತಪ್ಪಾಯ್ತು ಅನ್ನು, ಧಣಿ ಹತ್ರ ನಾನೇ ಮಾತಾಡ್ತೀನಿ, ನಿನ್ನ ಜಾಗ ನಿಂಗೇ ಸಿಗುತ್ತೆ."

ನನ್ನ ಗಂಡ ಕೆಟ್ಟವನಲ್ಲ, ನೋಡಿ. ಮನಸ್ಸಿನಿಂದಲೇ ಹೇಳಿದ. ಲೋರಿಸ್ ನೆಲ ನೋಡುತ್ತ ನಿಂತ. ಹೂಂ ಎನ್ನುತ್ತಾನೆ ಎಂದುಕೊಂಡೆ. ನಾನಾಗಿದ್ದರೆ ಬಹುಶಃ ಅಂದುಬಿಡುತ್ತಿದ್ದೆ.

"ಏನೂ ಇಲ್ದೆ ಇರ್ಬಹುದು" ಎಂದ. "ಆದ್ರೂ ತಪ್ಪಾಯ್ತು ಅನ್ನಲ್ಲ. ಅಲ್ಲಿ ಕೂತಿದ್ದವನು ನಾನು. ನಾಳೆ ಮತ್ತೆ ಹಂಗೇ ಅನಿಸಿದ್ರೆ ನಾಳೆನೂ ಆಕ್ಸಿಲರೇಟರಿಂದ ಕಾಲು ಎತ್ತೋದೇ. ಆರನೇ ಸ್ಥಾನ ಇರ್ಲಿ, ಮೊದಲನೇದೇ ಇರ್ಲಿ." ಅಷ್ಟು ಹೇಳಿ, ನನಗೆ ತಲೆಬಾಗಿ, ಹೊರಟೇಹೋದ. ಅವನ ಬೆನ್ನು ನೋಡುತ್ತ ನಿಂತಾಗ ನನಗೆ ಹೆಮ್ಮೆಯಾಯಿತು. ಹೆತ್ತವಳು ನಾನಲ್ಲ, ಆದರೂ ಆಯಿತು.

ಗುರುವಾರ ಲಾರಿ ಬೆಲ್ಜಿಯಮ್ಮಿಗೆ ಹೊರಡುವ ದಿನ. ಬೆಳಿಗ್ಗೆ ಒಗೆದ ಬಟ್ಟೆ ಹರವಲು ಶೆಡ್ಡಿನ ಪಕ್ಕ ಹೋದೆ. ತೆರೆದ ಬಾಗಿಲಿನಲ್ಲಿ ಆ ಆರ್ಮು ಬಿಸಿಲಿಗೆ ಹೊಳೆಯುತ್ತಿತ್ತು. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಅದನ್ನೇ ನೋಡಿದೆ. ಗಂಡ ದಿನಕ್ಕೆ ಹತ್ತು ಸಲ ತೋರಿಸಿದ್ದನ್ನು ನಾನು ಆಗಷ್ಟೇ ಕಂಡೆ. ಬಟ್ಟೆಯನ್ನು ಬೇಲಿಯ ಮೇಲೆ ಎಸೆದು, ಆರ್ಮನ್ನು ಮೊಳೆಯಿಂದ ಕಿತ್ತು, ಕಂಕುಳಲ್ಲಿಟ್ಟುಕೊಂಡು ಬಾರಿಗೆ ನಡೆದೆ.

ಬಾರಿನ ಮುಂದೆ ಲಾರಿ ನಿಂತಿತ್ತು. ಒಳಗೆ ಹೊಸ ಚಾಲಕನ ಹೆಸರಿನಲ್ಲಿ ಧಣಿಯೇ ಎಲ್ಲರಿಗೂ ವೈನು ಕೊಡಿಸುತ್ತಿದ್ದರು. ಮಿಲಾನಿನ ಹುಡುಗ ಚೆಂದದವನು, ಬಿಳಿ ಅಂಗಿ. ನೇರಿಯೊ ಅವನ ಪಕ್ಕ ಕೂತು ಅದೇ ಪಾಠ ಒಪ್ಪಿಸುತ್ತಿದ್ದ: "ದೊಡ್ಡ ಚಾಲಕನಿಗೆ ಕಿವಿ ಇರಬಾರದು ಕಣಪ್ಪ. ಅಲ್ಲಿ ಸದ್ದು, ಇಲ್ಲಿ ಸದ್ದು ಅಂತ ಕೇಳಿಸ್ಕೊಂಡೋನು ಹನ್ನೊಂದನೇದಕ್ಕೇ ಲಾಯಕ್ಕು."

ನಾನು ಆರ್ಮನ್ನು ನೇರಿಯೊನ ಗ್ಲಾಸಿನ ಪಕ್ಕಕ್ಕೆ ಧಡಕ್ಕನೆ ಇಟ್ಟೆ. ವೈನು ಚೆಲ್ಲಿತು.

"ದೆರ್ನಾ, ಏನಿದು?" ಎಂದರು ಧಣಿ.

"ನಿಮ್ಮ ಆರ್ಮು ಧಣೀರೇ. ಬಿರುಕಿಲ್ಲ, ಕಲ್ಲಿನ ಹಂಗಿದೆ. ಮನೇಲಿ ನೇತು ಹಾಕ್ಕೊಂಡು ನಾನೇನು ಮಾಡ್ಲಿ? ಲಾರಿ ಇಲ್ಲೇ ಇದೆ. ಕಾರಿಗೆ ಹಾಕಿ."

ಧಣಿ ಗಂಟಲು ಸರಿಮಾಡಿಕೊಂಡರು. "ಹೊಸದು ಹಾಕಿದೀವಲ್ಲಮ್ಮ."

"ಯಾಕೆ ಹಾಕಿದ್ರಿ?"

"ಹಳೇದಾಗಿತ್ತು ಬಿಡು" ಎಂದ ನೇರಿಯೊ.

"ಎಡಗಡೇದು? ಇದರ ಜೊತೆಗೇ, ಅದೇ ದಿನ ಬೆಸೆದದ್ದು ಎಡಗಡೇದು. ಅದು ಇನ್ನೂ ಕಾರಲ್ಲೇ ಇದೆ ಅಲ್ವಾ ಓರಿಯಾನೊ? ಅದು ಹಳೇದಾಗ್ಲಿಲ್ವಾ?"

ಓರಿಯಾನೊ ಮೂಲೆಯಲ್ಲಿ ಗ್ಲಾಸು ಹಿಡಿದು ನಿಂತಿದ್ದ. ಹೌದೆಂದು ತಲೆಯಾಡಿಸಿದ.

"ನೇರಿಯೊ, ನೀನೇ ಹೇಳಿದ್ದು, ಲೋರಿಸ್ ಹೇಡಿ, ಏನೂ ಆಗಿರ್ಲಿಲ್ಲ ಅಂತ. ಹಂಗಾದ್ರೆ ಹೆದರಿಕೆ ಏನು? ಹಾಕಿಸು. ಈ ಹುಡುಗ ಕೂತು ಓಡಿಸ್ಲಿ. ಧಣಿ ಒಪ್ಪಲಿ. ಪಾದ್ರಿಗಳು ಆಶೀರ್ವಾದ ಮಾಡ್ಲಿ. ಹಾಕಿ ಅನ್ನೋರು ಒಬ್ರು ಬಾಯಿ ಬಿಟ್ಟು ಹೇಳಿ, ನಾನೇ ಕೈ ಮುಗಿದು ಕ್ಷಮೆ ಕೇಳ್ತೀನಿ, ಇನ್ನು ಮೇಲೆ ಗಂಟೆ ಸಹವಾಸಕ್ಕೇ ಬರಲ್ಲ."

ಮಿಲಾನಿನ ಹುಡುಗ ಆರ್ಮಿನ ಕಡೆ ನೋಡಿದ, ಕೈ ಚಾಚಿದ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ. ಧಣಿ ಕಿಟಕಿಯಾಚೆ ನೋಡಿದರು. ನೇರಿಯೊ ಚೆಲ್ಲಿದ ವೈನನ್ನು ತೋಳಿನಿಂದ ಒರೆಸತೊಡಗಿದ.

"ಓರಿಯಾನೊ" ಎಂದೆ. "ನೀನು ಬೆಸೆದದ್ದು. ನೀನು ಹಾಕ್ತೀಯಾ?"

ಅವನು ಗ್ಲಾಸನ್ನು ಕೆಳಗಿಟ್ಟ.

"ಇಲ್ಲ" ಎಂದ.

"ಯಾಕೆ?"

"ಅವನು ಏನೋ ಇದೆ ಅಂದಿದಾನಲ್ಲ." ತಲೆ ಎತ್ತಿ ನನ್ನನ್ನಲ್ಲ, ಉಳಿದವರನ್ನು ನೋಡಿದ. "ನಂಗೆ ಬಿರುಕು ಕಾಣ್ಲಿಲ್ಲ. ಪುಡೀಲೂ ಕಾಣ್ಲಿಲ್ಲ. ಆದ್ರೂ ಇದನ್ನ ಯಾವ ತಾಯಿ ಮಗನ ಕಾರಿಗೂ ನಾನು ಹಾಕಲ್ಲ. ಹಾಕೋ ಅಂದವನ ಕೈ ಮುರೀತೀನಿ."

"ಹಂಗಾದ್ರೆ ನೀವೆಲ್ಲ ಅವನ್ನ ನಂಬಿದೀರಿ" ಎಂದೆ. "ಪರೀಕ್ಷೆಗಿಂತ ಜಾಸ್ತಿ ನಂಬಿದೀರಿ, ಮಂಗಳವಾರವೇ. ನಂಬಿ ಹೊಸ ಆರ್ಮು ಹಾಕಿದ್ರಿ, ನಂಬಿಯೂ ಅವನ್ನೇ ಹೊರಗೆ ಹಾಕಿದ್ರಿ. ಇವತ್ತು ಇಲ್ಲಿ ಕೂತು ದೊಡ್ಡ ಚಾಲಕ ಯಾರು ಅಂತ ಪಾಠ ಹೇಳ್ತೀರಿ. ನಾನು ಹೇಳ್ತೀನಿ ಕೇಳಿ. ಊರೆಲ್ಲ ಆರು, ಆರು ಅಂತ ಕಿರುಚ್ತಿರೋವಾಗ ತನ್ನ ಮೈಗೆ ಗೊತ್ತಾಗಿದ್ದನ್ನ ಕೇಳಿ ಕಾಲು ಎತ್ತಿದವನು. ಎಲ್ಲರೂ ನಗ್ತಾರೆ ಅಂತ ಗೊತ್ತಿದ್ದೂ ಎತ್ತಿದವನು. ಆಮೇಲೆ ತಪ್ಪಾಯ್ತು ಅನ್ನದೇ ಇದ್ದವನು. ಅವನಿಗಿಂತ ದೊಡ್ಡವನನ್ನ ನೀವು ಟೀವೀಲಿ ನೋಡಿರಬಹುದು, ನಾನು ನೋಡಿಲ್ಲ."

ಓರಿಯಾನೊ ಜೇಬಿಗೆ ಕೈ ಹಾಕಿ, ಬೀಗದ ಕೈ ತೆಗೆದು, ಆರ್ಮಿನ ಪಕ್ಕ ಇಟ್ಟ.

ಗೋಪುರದ ಮೆಟ್ಟಿಲು ಹತ್ತುವಾಗ ಹಿಂದೆ ಅವನ ಹೆಜ್ಜೆ ಕೇಳಿಸಿತು. ಬರಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಹಗ್ಗ ಹಿಡಿದು ಎಳೆದೆ. ಒಂದೊಂದು ಏಟನ್ನೂ ಪೂರ್ತಿ ಬಿಟ್ಟು, ನದಿಯಾಚೆಗೆ ಮುಟ್ಟುವವರೆಗೆ ಕಾದು, ಮತ್ತೆ ಎಳೆದೆ. ನಾಲ್ಕು ದಿನದ ಸಿಟ್ಟೆಲ್ಲ ತೋಳಿಗೆ ಇಳಿದಿತ್ತು. ಆರನೆಯದಾದ ಮೇಲೆ, ನಿಲ್ಲಿಸುತ್ತೇನೆಯೋ ಎಂದು ಕೆಳಗೆ ಚೌಕದಲ್ಲಿ ಜನ ತಲೆಯೆತ್ತಿ ನೋಡುತ್ತಿದ್ದರು. ನಿಲ್ಲಿಸಲಿಲ್ಲ. ಪಕ್ಕದಲ್ಲಿ ಓರಿಯಾನೊ ಮೆಲ್ಲಗೆ ಎಣಿಸುತ್ತಿದ್ದ. ಹನ್ನೊಂದು ಎಂದವನೇ ಕೈ ಚಾಚಿ ಹಗ್ಗ ಹಿಡಿದು ನಿಲ್ಲಿಸಿದ.

ಇಳಿದು ಬಂದಾಗ ನೇರಿಯೊ ಬಾಗಿಲಲ್ಲೇ ನಿಂತಿದ್ದ. "ಗುರುವಾರ ಯಾವ ರೇಸು ಅಂತ ಆಚೆ ಊರವರು ಕೇಳಿದ್ರೆ ಏನು ಹೇಳೋದು?" ಎಂದ. ಮೊದಲಿನ ಗತ್ತು ದನಿಯಲ್ಲಿರಲಿಲ್ಲ.

"ಮನೆಗೆ ಬಂದವನ ಲೆಕ್ಕ ಅಂತ ಹೇಳು. ನಗೋದಾದ್ರೆ ಇಲ್ಲಿಗೇ ಬಂದು ನನ್ನ ಮುಂದೆ ನಗೋಕೆ ಹೇಳು."

ಸೈಕಲ್ಲು ಹತ್ತಿ ಸೇತುವೆ ದಾಟಿದೆ. ಇಯೋಲೆಯ ಅಡುಗೆಮನೆಯ ಬಾಗಿಲು ತೆರೆದಿತ್ತು. ಲೋರಿಸ್ ಮೇಜಿನ ಮುಂದೆ ಕೂತಿದ್ದ, ಕಣ್ಣು ಒದ್ದೆಯಾಗಿತ್ತು. ಅವನ ತಾಯಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಇಡೀ ಮೈಯ ಭಾರ ಹಾಕಿ ನಾದುತ್ತಿದ್ದಳು.

"ಎಣಿಸ್ದೆ" ಎಂದಳು. "ಸರಿಯಾಗಿತ್ತು. ಕೂತ್ಕೊ, ಉಂಡ್ಕೊಂಡು ಹೋಗು."